ಮದುವೆಯಾದ ಮೇಲೆ ಶುರುವಾಗುವ ಕಥೆ

ಅಡುಗೂಲಜ್ಜಿ ಕಥೆಗಳು ಮಕ್ಕಳಿಗೆ ಮಾತ್ರ ಎಂಬ ಮಾತನ್ನು ಈಗಿನ ಪುಸ್ತಕದಂಗಡಿಗಳು ಸುಳ್ಳು ಮಾಡಿವೆ. ಚರ್ಚ್ ಸ್ಟ್ರೀಟ್‌ನ ಅಂಗಡಿಗಳಿಗೆ ಹೋಗಿ ನೋಡಿ. ಸಿಂಡ್ರೆಲಾ, ಸ್ನೋ ವೈಟ್, ಬ್ಯೂಟಿ ಅಂಡ್ ದ ಬೀಸ್ಟ್ ಕಥೆಗಳನ್ನು ಮುನ್ನೂರು, ನಾನೂರು ಪುಟಗಳ ಪ್ರೇಮ ಕಾದಂಬರಿಗಳಾಗಿ ಹಿಗ್ಗಿಸಿದ ಪುಸ್ತಕಗಳು ಸಾಲಾಗಿ ಕೂತಿರುತ್ತವೆ. ಕೊಳ್ಳುವವರು ಮಕ್ಕಳಲ್ಲ, ನಮ್ಮ ನಿಮ್ಮ ವಯಸ್ಸಿನವರು. ಮರ್ಫಿ ಟೌನ್, ಹಲಸೂರು, ಇಂದಿರಾನಗರದ ಕಡೆಯಿಂದ ಮೆಟ್ರೊ ಹತ್ತಿ ಕಾಲೇಜಿಗೋ ಕೋಚಿಂಗ್ ಕ್ಲಾಸಿಗೋ ಹೋಗುವ ಹುಡುಗಿಯರ ಕೈಯಲ್ಲೂ, ಕವರ್ ಪೇಜ್ ಕಾಣದಂತೆ ಹಿಡಿದುಕೊಂಡ ಹುಡುಗರ ಕೈಯಲ್ಲೂ ಇವು ಸಿಗುತ್ತವೆ.

ಮನೆಯಲ್ಲಿ ಇದಕ್ಕೆ ಬೈಗುಳ ತಪ್ಪಿದ್ದಲ್ಲ. ‘ಡಿಗ್ರಿ ಮುಗಿದು ವರ್ಷವಾಯ್ತು, ಎಫ್‌ಡಿಎ ಪರೀಕ್ಷೆಗೆ ಓದೋದು ಬಿಟ್ಟು ರಾಜಕುಮಾರನ ಕಥೆ ಓದ್ತಾ ಕೂತಿದ್ದೀಯಲ್ಲ’ ಎಂಬ ಮಾತು ಕೇಳದವರು ಕಡಿಮೆ. ಸಾಹಿತ್ಯ ಬಲ್ಲವರ ಆಕ್ಷೇಪ ಇನ್ನೊಂದು ಬಗೆಯದು: ಎರಡು ಪುಟದ ಕಥೆಯನ್ನು ನಾನೂರು ಪುಟಕ್ಕೆ ಎಳೆದರೆ ನೀರು ಬೆರೆಸಿದ ಹಾಲಲ್ಲದೆ ಇನ್ನೇನಾದೀತು?

ಈ ಎರಡು ಆಕ್ಷೇಪಗಳನ್ನೂ ನಾನು ಒಪ್ಪುವುದಿಲ್ಲ. ಹಳೆಯ ಪ್ರೇಮಕಥೆಯನ್ನು ಕಾದಂಬರಿಯ ಉದ್ದಕ್ಕೆ ಬರೆಯುವುದು ಸಾರ್ಥಕ ಕೆಲಸ. ಆದರೆ ಹಾಗೆ ಬರೆದ ಎಲ್ಲವೂ ಓದಲು ಯೋಗ್ಯವಲ್ಲ. ಅವುಗಳನ್ನು ಅಳೆಯಲು ಒಂದು ಅಳತೆಗೋಲು ಬೇಕು. ಆ ಅಳತೆಗೋಲು ಪರದೇಶದಿಂದ ಬರಬೇಕಿಲ್ಲ, ನಮ್ಮ ಕನ್ನಡದ ಅಜ್ಜಿಯರು ಹೇಳುತ್ತಿದ್ದ ಕಥೆಗಳಲ್ಲೇ ಇದೆ ಎಂಬುದು ಈ ಬರಹದ ವಾದ.

ಮೊದಲೇ ಉದ್ದವಿತ್ತು

ನೀರು ಬೆರೆಸಿದ ಹಾಲಿನ ಮಾತನ್ನೇ ಮೊದಲು ನೋಡೋಣ. ಇಂದು ಹೆಚ್ಚಾಗಿ ಮರುಬರಹಕ್ಕೆ ಒಳಗಾಗುವ ಕಥೆ ‘ಬ್ಯೂಟಿ ಅಂಡ್ ದ ಬೀಸ್ಟ್’. ಅದು ಹುಟ್ಟಿದ್ದೇ ಒಂದು ಕಾದಂಬರಿಯ ಗಾತ್ರದಲ್ಲಿ. 1740ರಲ್ಲಿ ಫ್ರಾನ್ಸಿನ ವಿಲ್ನೆವ್ ಎಂಬ ಲೇಖಕಿ ಅದನ್ನು ದೀರ್ಘವಾಗಿ ಬರೆದು ಪ್ರಕಟಿಸಿದಳು. 1756ರಲ್ಲಿ ಲಂಡನ್ನಿನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದ ಬೊಮೊ ಎಂಬಾಕೆ ಅದನ್ನು ಕತ್ತರಿಸಿ ಚಿಕ್ಕದು ಮಾಡಿ, ಎಳೆಯರ ಪತ್ರಿಕೆಯಲ್ಲಿ ನೀತಿಕಥೆಯಂತೆ ಹಾಕಿದಳು. ನಾವು ‘ಮೂಲ’ ಎಂದು ತಿಳಿದಿರುವುದು ಆ ಕತ್ತರಿಸಿದ ಕಥೆ.

ಏನನ್ನು ಕತ್ತರಿಸಿದಳು ಎಂಬುದು ಮುಖ್ಯ. ವಿಲ್ನೆವ್‌ಳ ಕಥೆ ಮೃಗ ಮನುಷ್ಯನಾದ ಕೂಡಲೇ ಮುಗಿಯುವುದಿಲ್ಲ. ರಾಜಕುಮಾರನ ತಾಯಿ ರಾಣಿ ಬರುತ್ತಾಳೆ. ಹುಡುಗಿ ವ್ಯಾಪಾರಿಯ ಮಗಳೆಂದು ತಿಳಿದು ಆಕೆಯ ಮುಖ ಸಪ್ಪಗಾಗುತ್ತದೆ. ಮಗನ ಶಾಪ ಬಿಡಿಸಿದವಳು ಸರಿ, ಆದರೆ ಸೊಸೆಯಾಗುವಷ್ಟು ಕುಲ ಇವಳಿಗೆಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ. ಮಗ ಮೆಚ್ಚಿದವಳನ್ನು ಮನೆಯವರು ಒಪ್ಪದ ಈ ಸಮಸ್ಯೆ ನಮಗೆ ಹೊಸದೇನಲ್ಲ. ವಿಲ್ನೆವ್ ಕೂಡ ಕೊನೆಗೆ ಹುಡುಗಿ ನಿಜವಾಗಿ ರಾಜನ ಮಗಳೇ ಎಂದು ಹೇಳಿ ಜಾರಿಕೊಳ್ಳುತ್ತಾಳೆ, ಅದು ಬೇರೆ ಮಾತು. ಆದರೆ ಪ್ರಶ್ನೆಯನ್ನಾದರೂ ಕೇಳಿದ್ದಳು. ಕಥೆ ಚಿಕ್ಕದಾದಾಗ ಮೊದಲು ಬಿದ್ದುಹೋದದ್ದು ಆ ಪ್ರಶ್ನೆ.

1978ರಲ್ಲಿ ಅಮೆರಿಕದ ರಾಬಿನ್ ಮೆಕಿನ್ಲಿ ಇದೇ ಕಥೆಯನ್ನು ‘ಬ್ಯೂಟಿ’ ಎಂಬ ಕಾದಂಬರಿಯಾಗಿ ಬರೆದರು. ಅದರ ನಾಯಕಿಗೆ ಬ್ಯೂಟಿ ಎಂಬುದು ಅಡ್ಡಹೆಸರು ಅಷ್ಟೆ. ಅವಳು ತನ್ನನ್ನು ಚೆಲುವೆ ಎಂದುಕೊಂಡವಳೇ ಅಲ್ಲ. ಪುಸ್ತಕ, ಕುದುರೆ ಎಂದರೆ ಅವಳಿಗೆ ಪ್ರಾಣ. ಇಂದಿನ ಮರುಬರಹಗಳ ಭರಾಟೆಗೆ ದಾರಿ ಮಾಡಿದ ಪುಸ್ತಕಗಳಲ್ಲಿ ಅದೂ ಒಂದು. ಅಲ್ಲಿ ಉದ್ದ ಎಂದರೆ ಎಳೆದಾಟವಲ್ಲ. ಚಿಕ್ಕ ಕಥೆಯಲ್ಲಿ ‘ಅವಳು ಅವನನ್ನು ಪ್ರೀತಿಸತೊಡಗಿದಳು’ ಎಂಬ ಒಂದು ಸಾಲಿನಲ್ಲಿ ಮುಗಿಯುವುದು ಕಾದಂಬರಿಯಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಪ್ರೀತಿ ನಿಜವಾಗಿ ಬೆಳೆಯುವುದೂ ಹಾಗೆಯೇ ಅಲ್ಲವೇ?

ಚಪ್ಪಲಿಗೆ ತಕ್ಕ ಕಾಲು

ಕೆಲಸ ಹುಡುಕುವವರು ಸಿಂಡ್ರೆಲಾ ಕಥೆಯನ್ನು ಮತ್ತೊಮ್ಮೆ ಓದಬೇಕು. 1697ರಲ್ಲಿ ಫ್ರಾನ್ಸಿನ ಪೆರೊ ಬರೆದ ಕಥೆಯಲ್ಲಿ ಗಾಜಿನ ಚಪ್ಪಲಿ ಇದೆ. ಜರ್ಮನಿಯ ಗ್ರಿಮ್ ಸಹೋದರರ ಕಥೆಯಲ್ಲಿ ಆ ಚಪ್ಪಲಿಗೆ ಕಾಲು ಹೊಂದಿಸಲು ಒಬ್ಬ ಮಲಸಹೋದರಿ ತನ್ನ ಹೆಬ್ಬೆರಳನ್ನೇ ಕತ್ತರಿಸಿಕೊಳ್ಳುತ್ತಾಳೆ, ಇನ್ನೊಬ್ಬಳು ಹಿಮ್ಮಡಿಯನ್ನು ಕತ್ತರಿಸಿಕೊಳ್ಳುತ್ತಾಳೆ. ಕತ್ತರಿಸಿಕೊಳ್ಳಲು ಹೇಳುವವಳು ಹೆತ್ತ ತಾಯಿ. ರಾಣಿಯಾದ ಮೇಲೆ ನೀನೇನು ನಡೆಯಬೇಕಾಗಿಲ್ಲವಲ್ಲ ಎಂಬುದು ಅವಳ ಸಮಾಧಾನ.

ಚಿಕ್ಕಂದಿನಲ್ಲಿ ಇದು ಕೆಟ್ಟ ಅಕ್ಕಂದಿರಿಗೆ ಆದ ಶಾಸ್ತಿ ಎನಿಸುತ್ತದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಓದಿದರೆ ಆ ಅಕ್ಕಂದಿರ ಮೇಲೆ ಕನಿಕರ ಹುಟ್ಟುತ್ತದೆ. ಕ್ಯಾಂಪಸ್ ಸಂದರ್ಶನಕ್ಕೆ ಸಾಲಿನಲ್ಲಿ ನಿಂತ ನಾವು ಮಾಡುತ್ತಿರುವುದೂ ಹೆಚ್ಚು ಕಡಿಮೆ ಅದನ್ನೇ. ಯಾರೋ ಮಾಡಿಸಿಟ್ಟ ಅಳತೆಗೆ ನಮ್ಮ ಭಾಷೆ, ಊರು, ಆಸೆ, ಉಚ್ಚಾರಣೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕತ್ತರಿಸಿಕೊಳ್ಳುತ್ತೇವೆ. ಮದುವೆಯ ಮಾರುಕಟ್ಟೆಯಲ್ಲಿ ಹೆಣ್ಣುಮಕ್ಕಳಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಎತ್ತರ, ಬಣ್ಣ, ಸಂಬಳ, ‘ಮದುವೆಯಾದ ಮೇಲೆ ಕೆಲಸ ಬಿಡ್ತೀಯಾ?’ ಎಂಬ ಪ್ರಶ್ನೆ, ಎಲ್ಲವೂ ಒಂದೊಂದು ಚಪ್ಪಲಿ.

ಒಳ್ಳೆಯ ಮರುಬರಹಗಳು ಈ ಚಪ್ಪಲಿಯನ್ನೇ ಪ್ರಶ್ನಿಸಿವೆ. ಗೇಲ್ ಕಾರ್ಸನ್ ಲೆವಿನ್ ಅವರ ‘ಎಲ್ಲಾ ಎನ್‌ಚಾಂಟೆಡ್’ 1997ರಲ್ಲಿ ಬಂತು. ಅದರ ನಾಯಕಿಗೆ ಹುಟ್ಟಿನಿಂದಲೇ ಒಂದು ಶಾಪ: ಯಾರು ಏನು ಆಜ್ಞೆ ಮಾಡಿದರೂ ಪಾಲಿಸಲೇಬೇಕು. ‘ವಿಧೇಯ ಹುಡುಗಿ’ ಎಂಬ ಹೊಗಳಿಕೆಯೇ ಇಲ್ಲಿ ಶಾಪವಾಗಿದೆ. ಆ ಶಾಪ ಕಳಚುವುದು ರಾಜಕುಮಾರನ ಮುತ್ತಿನಿಂದಲ್ಲ. ತಾನು ಪ್ರೀತಿಸುವ ರಾಜಕುಮಾರನೇ ಮದುವೆಯಾಗು ಎಂದಾಗ, ಅವನ ಒಳಿತಿಗಾಗಿ ‘ಇಲ್ಲ’ ಎನ್ನುವ ಶಕ್ತಿ ಅವಳಿಗೆ ಬಂದಾಗ. 2012ರ ಮರಿಸ್ಸಾ ಮೆಯರ್ ಅವರ ‘ಸಿಂಡರ್’ ಕಾದಂಬರಿಯಲ್ಲಿ ಸಿಂಡ್ರೆಲಾ ಒಬ್ಬ ಮೆಕ್ಯಾನಿಕ್. ರಾಜಕುಮಾರ ಅವಳ ಅಂಗಡಿಗೆ ಬರುವುದು ಕೆಟ್ಟುಹೋದ ಯಂತ್ರವನ್ನು ರಿಪೇರಿ ಮಾಡಿಸಲು. ಕೈಕಸುಬು ಗೊತ್ತಿರುವ ನಾಯಕಿಯನ್ನು ಓದುವುದರಲ್ಲಿ ಒಂದು ಸುಖವಿದೆ.

ಆದರೆ ಕಪಾಟಿನ ಎಲ್ಲ ಪುಸ್ತಕಗಳೂ ಹೀಗಿಲ್ಲ. ನಾಯಕ ಹುಡುಗಿಯನ್ನು ಕೂಡಿಹಾಕುತ್ತಾನೆ, ಅವಳ ಮೇಲೆ ಕಣ್ಣಿಡುತ್ತಾನೆ, ಅವಳು ಯಾರೊಡನೆ ಮಾತಾಡಬೇಕೆಂದು ತಾನೇ ತೀರ್ಮಾನಿಸುತ್ತಾನೆ. ಅದನ್ನೆಲ್ಲ ಗಾಢ ಪ್ರೀತಿ ಎಂದು ತೋರಿಸುವ ಕಾದಂಬರಿಗಳೂ ಸಾಕಷ್ಟಿವೆ. ಮೃಗದ ಕಥೆಯ ಹೆಸರಿನಲ್ಲಿ ಮೃಗತ್ವಕ್ಕೇ ಚೆಂದದ ಅಂಗಿ ತೊಡಿಸುವ ಕೆಲಸ ಇದು. ಹಳೆಯ ಕಥೆಯ ಮೃಗವೇ ಇವರಿಗಿಂತ ಮೇಲು. ಅದು ಪ್ರತಿ ರಾತ್ರಿ ಕೇಳುತ್ತದೆ. ಅವಳು ಪ್ರತಿ ರಾತ್ರಿ ಇಲ್ಲ ಎನ್ನುತ್ತಾಳೆ. ಬೇಸರಪಟ್ಟುಕೊಂಡರೂ ಅದು ಎದ್ದುಹೋಗುತ್ತದೆ. ತಂದೆಯನ್ನು ನೋಡಬೇಕೆಂದಾಗ ಕಳಿಸಿಕೊಡುತ್ತದೆ.

ನಮ್ಮ ಹಂಚಿ

ಈಗ ನಮ್ಮ ಕಡೆಗೆ ಬರೋಣ. ಸಿಂಡ್ರೆಲಾ ಕಥೆ ಯೂರೋಪಿನ ಆಸ್ತಿಯಲ್ಲ. ಒಂಬತ್ತನೇ ಶತಮಾನದ ಚೀನಾದ ಒಂದು ಗ್ರಂಥದಲ್ಲಿ ಯೆ ಷಿಯಾನ್ ಎಂಬ ಹುಡುಗಿಯ ಹೆಸರಿನಲ್ಲಿ ಅದು ಇದೆ. 1893ರಲ್ಲೇ ಮೇರಿಯನ್ ಕಾಕ್ಸ್ ಎಂಬ ಇಂಗ್ಲಿಷ್ ವಿದ್ವಾಂಸೆ ಇದರ 345 ರೂಪಗಳನ್ನು ಒಟ್ಟು ಮಾಡಿದ್ದಳು. ಕನ್ನಡದ ಸಿಂಡ್ರೆಲಾಳ ಹೆಸರು ಹಂಚಿ. ಮೈಸೂರಿನಲ್ಲಿ ಹುಟ್ಟಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಎ.ಕೆ. ರಾಮಾನುಜನ್ ಅವರು ಸಂಗ್ರಹಿಸಿ, ಅದರ ಬಗ್ಗೆ ಬರೆದು ಈ ಕಥೆಯನ್ನು ಜಗತ್ತಿಗೆ ಪರಿಚಯಿಸಿದರು.

ಕಥೆ ಹೀಗಿದೆ. ಒಬ್ಬ ಹುಡುಗಿಗೆ ಚಿನ್ನದ ಕೂದಲು. ಆ ಕೂದಲಿನ ಒಂದು ಎಳೆ ಅಣ್ಣನಿಗೆ ಸಿಗುತ್ತದೆ. ಈ ಕೂದಲಿನವಳನ್ನೇ ಮದುವೆಯಾಗುತ್ತೇನೆಂದು ಅವನು ಹಟ ಹಿಡಿಯುತ್ತಾನೆ. ದಿಕ್ಕುಗಾಣದ ತಾಯಿ ಮಗಳ ಮುಖಕ್ಕೆ ಮಣ್ಣಿನ ಹಂಚಿನ ಮುಖವಾಡ ಹಾಕಿ ಮನೆಯಿಂದ ದೂರ ಕಳಿಸುತ್ತಾಳೆ. ಹಂಚಿನ ಮುಖದವಳು ಹಂಚಿ. ಅವಳು ಸಾಹುಕಾರರ ಮನೆಯಲ್ಲಿ ಅಡುಗೆ ಕೆಲಸಕ್ಕೆ ಸೇರುತ್ತಾಳೆ. ಸಿಹಿಯನ್ನ ಮಾಡುವುದರಲ್ಲಿ ಅವಳದು ಎತ್ತಿದ ಕೈ. ಒಂದು ದಿನ ಆ ಮನೆಯ ಮಗ ಅವಳನ್ನು ಮುಖವಾಡವಿಲ್ಲದೆ ನೋಡಿ ಮನಸೋಲುತ್ತಾನೆ. ಮದುವೆಯಾಗುತ್ತದೆ.

ಡಿಸ್ನಿ ಕಂಪನಿಯ 1950ರ ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ. ಕನ್ನಡದ ಅಜ್ಜಿ ಇಲ್ಲಿ ಎಲೆ ಅಡಿಕೆ ಹಾಕಿಕೊಂಡು ಮುಂದಿನ ಭಾಗ ಶುರುಮಾಡುತ್ತಾಳೆ. ಆ ಮನೆಗೆ ಗುರುಸ್ವಾಮಿ ಎಂಬ ಗುರುವೊಬ್ಬ ಬಂದುಹೋಗುತ್ತಿರುತ್ತಾನೆ. ಅವನ ಕಣ್ಣು ಹೊಸ ಸೊಸೆಯ ಮೇಲೆ ಬೀಳುತ್ತದೆ. ಮಂತ್ರ ಹಾಕಿದ ವಸ್ತುಗಳನ್ನು ಕೊಟ್ಟು ವಶ ಮಾಡಿಕೊಳ್ಳಲು ನೋಡುತ್ತಾನೆ. ಹಂಚಿ ಜಾಣೆ, ಒಂದನ್ನೂ ಮುಟ್ಟುವುದಿಲ್ಲ. ಕೊನೆಗೆ ಅವಳ ಶೀಲದ ಮೇಲೆ ಅಪವಾದ ಹೊರಿಸುತ್ತಾನೆ. ಮನೆಯವರು ಗುರುವಿನ ಮಾತನ್ನು ನಂಬುತ್ತಾರೆ, ಸೊಸೆಯದನ್ನಲ್ಲ. ಅವಳನ್ನು ಪೆಟ್ಟಿಗೆಯಲ್ಲಿಟ್ಟು ಮನೆಯಿಂದಾಚೆ ಹಾಕುತ್ತಾರೆ. ಒಬ್ಬ ಮುದುಕಿ ಅವಳನ್ನು ಬಿಡಿಸಿ, ಪೆಟ್ಟಿಗೆಯಲ್ಲಿ ಹುಚ್ಚುನಾಯಿಯನ್ನು ಕೂಡಿಡುತ್ತಾಳೆ. ಆಸೆಯಿಂದ ಪೆಟ್ಟಿಗೆ ತೆಗೆದ ಗುರುವಿಗೆ ತಕ್ಕದ್ದೇ ಸಿಗುತ್ತದೆ. ಕೊನೆಯಲ್ಲಿ ಗಂಡನ ಮನೆಯವರು ಮುದುಕಿಯ ಮನೆಗೆ ಊಟಕ್ಕೆ ಬಂದಾಗ ಅವಳನ್ನು ಗುರುತಿಸುವುದು ಚಪ್ಪಲಿಯಿಂದಲ್ಲ, ಅವಳ ಕೈರುಚಿಯಿಂದ.

ಈ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಹುಡುಗಿಯನ್ನು ಗುರುತಿಸುವುದು ಕಾಲಿನ ಅಳತೆ. ಇಲ್ಲಿ ಅವಳ ದುಡಿಮೆ, ಅವಳ ಕೈಯ ಗುಣ. ಅಲ್ಲಿ ಅಪಾಯ ಹೊರಗಿನ ಮಲತಾಯಿಯದು. ಇಲ್ಲಿ ಮೊದಲ ಅಪಾಯ ಒಡಹುಟ್ಟಿದವನಿಂದ, ಎರಡನೆಯದು ಮನೆಯವರೆಲ್ಲ ಕಾಲಿಗೆ ಬೀಳುವ ಗುರುವಿನಿಂದ. ಹೆಣ್ಣುಮಕ್ಕಳಿಗೆ ಆತಂಕ ಎಲ್ಲಿಂದ ಬರಬಹುದು ಎಂಬುದನ್ನು ಆ ಅಜ್ಜಿಯರು ಮುಚ್ಚುಮರೆಯಿಲ್ಲದೆ, ಆದರೆ ಮಕ್ಕಳ ಕಿವಿಗೂ ಒಪ್ಪುವಂತೆ ಹೇಳಿದ್ದಾರೆ. ಗಂಡಸರು ನಾಯಕರಾದ ಕಥೆಗಳು ಮದುವೆಗೆ ಮುಗಿಯುತ್ತವೆ, ಹೆಂಗಸರ ಕಥೆಗಳಲ್ಲಿ ಮದುವೆಯ ನಂತರವೇ ನಿಜವಾದ ಕಥೆ ಶುರುವಾಗುತ್ತದೆ ಎಂಬುದನ್ನು ರಾಮಾನುಜನ್ ಗುರುತಿಸಿದ್ದರು. ಹಂಚಿ ಅದಕ್ಕೆ ಸಾಕ್ಷಿ.

ಮರವಾದವಳು, ಬೀಗದೊಳಗಿದ್ದವಳು

ಇನ್ನೊಂದು ಕಥೆ ‘ಹೂವಾದ ಹುಡುಗಿ’. ಬಡ ತಾಯಿಯ ಕಷ್ಟ ನೋಡಲಾರದೆ ಕಿರಿಯ ಮಗಳು ಮರವಾಗುವ ವಿದ್ಯೆಯನ್ನು ಬಳಸುತ್ತಾಳೆ. ಉಗುರು ತಾಕದಂತೆ ತಂದ ನೀರನ್ನು ಅಕ್ಕ ಅವಳ ಮೇಲೆ ಸುರಿಯಬೇಕು. ಅವಳು ಮರವಾಗುತ್ತಾಳೆ. ನೋವಾಗದಂತೆ ಹೂ ಬಿಡಿಸಿಕೊಂಡು, ಮತ್ತೆ ನೀರು ಸುರಿದರೆ ಹುಡುಗಿಯಾಗುತ್ತಾಳೆ. ಹೂ ಮಾರಿ ದುಡ್ಡು ತರುತ್ತಾರೆ. ಒಂದು ಲೆಕ್ಕದಲ್ಲಿ ಅದು ಅವಳ ಮೊದಲ ಸಂಪಾದನೆ.

ಮೊದಲ ಸಲ ಅವಳು ಮರವಾದದ್ದು ತನ್ನ ಇಷ್ಟದಿಂದ. ಆಮೇಲೆ ತಾಯಿ ಕೇಳಿದಳೆಂದು. ಮದುವೆಯಾದ ಮೇಲೆ ರಾಜಕುಮಾರ ಬಿಡಲಿಲ್ಲವೆಂದು. ಅವಳು ಬೇಡವೆನ್ನುತ್ತಾಳೆ, ಅವನು ಕೇಳುವುದಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ ಎನ್ನುತ್ತಾನೆ. ಪ್ರತಿ ರಾತ್ರಿ ಹೂ ರಾಶಿ ಬೀಳುತ್ತದೆ, ಬೆಳಿಗ್ಗೆ ಬಾಡುತ್ತದೆ. ಬಡವರ ಮನೆಯಲ್ಲಿ ಹೊಟ್ಟೆಗೆ ಆಧಾರವಾಗಿದ್ದ ಹೂ ಅರಮನೆಯಲ್ಲಿ ಕಸವಾಗುತ್ತದೆ. ಅದನ್ನು ಕಂಡ ನಾದಿನಿ ಅವಳನ್ನು ತೋಟಕ್ಕೆ ಕರೆದೊಯ್ದು ಪೀಡಿಸಿ ಮರವಾಗಿಸುತ್ತಾಳೆ. ಗೆಳತಿಯರು ಕೊಂಬೆ ಮುರಿಯುತ್ತಾರೆ, ಸರಿಯಾಗಿ ನೀರು ಹಾಕದೆ ಓಡಿಹೋಗುತ್ತಾರೆ. ಹುಡುಗಿ ಕೈಕಾಲಿಲ್ಲದ ಮುಂಡವಾಗಿ ಬೀಳುತ್ತಾಳೆ.

ಗಂಡ ಹುಚ್ಚನಂತೆ ಊರೂರು ಅಲೆಯುತ್ತಾನೆ. ಕೊನೆಗೆ ಅವಳು ಸಿಕ್ಕಾಗ ಮತ್ತೆ ನೀರು ಸುರಿದು ಮರವಾಗಿಸಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಎತ್ತಿ ಕೂಡಿಸಿ, ನೀರು ಹಾಕಿ ಹೆಂಡತಿಯನ್ನು ಮರಳಿ ಪಡೆಯುತ್ತಾನೆ. ತನ್ನ ಸಂತೋಷಕ್ಕೆ ಅವಳನ್ನು ಅರಳಿಸಿದವನು, ಈಗ ಅವಳಿಗಾಗಿ ಅದೇ ಕೆಲಸವನ್ನು ಕಲಿಯಬೇಕಾಗುತ್ತದೆ. ಇದಕ್ಕಿಂತ ದೊಡ್ಡ ಪ್ರೇಮಪಾಠ ಬೇರೆ ಬೇಕೇ?

ಈ ಕಥೆ ಹಳ್ಳಿಯ ಜಗಲಿಯಲ್ಲೇ ಉಳಿಯಲಿಲ್ಲ. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ‘ಚೆಲುವಿ’ ಎಂಬ ಹಿಂದಿ ಸಿನಿಮಾ ಮಾಡಿದರು. ಅಮೆರಿಕದ ಸಂಗೀತ ಸಂಯೋಜಕ ಜಾನ್ ಆಡಮ್ಸ್ ಇದನ್ನು ಒಪೆರಾ ಮಾಡಿದರು. 2006ರಲ್ಲಿ ವಿಯೆನ್ನಾ ನಗರದಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. ಯಾವುದೋ ಊರಿನ ಹೆಂಗಸು ಕನ್ನಡದಲ್ಲಿ ಹೇಳಿದ ಕಥೆ ವಿಯೆನ್ನಾದ ರಂಗದ ಮೇಲೆ ಹಾಡಾಯಿತು.

ಕಾರ್ನಾಡರ ‘ನಾಗಮಂಡಲ’ ಕೂಡ ರಾಮಾನುಜನ್ ಹೇಳಿದ ಜನಪದ ಕಥೆಗಳಿಂದ ಹುಟ್ಟಿದ್ದು. ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗಿಟ್ಟು ಬೀಗ ಹಾಕಿಕೊಂಡು ಹೋಗುತ್ತಾನೆ. ರಾತ್ರಿ ನಾಗ ಅವನದೇ ರೂಪದಲ್ಲಿ ಬಂದು ಅವಳೊಡನೆ ಪ್ರೀತಿಯಿಂದ ಮಾತಾಡುತ್ತಾನೆ. ಹಗಲು ಬೈಯುವ ಗಂಡ ರಾತ್ರಿ ಹೇಗೆ ಇಷ್ಟು ಮೃದುವಾದ ಎಂಬ ಪ್ರಶ್ನೆ ಅವಳನ್ನು ಕಾಡುತ್ತದೆ. ಶಂಕರ್‌ನಾಗ್ ಇದನ್ನು ರಂಗಕ್ಕೆ ತಂದರು, 1997ರಲ್ಲಿ ಟಿ.ಎಸ್. ನಾಗಾಭರಣ ಸಿನಿಮಾ ಮಾಡಿದರು. ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ಯೂ ಜನಪದ ಕಥೆಯಿಂದಲೇ ಬೆಳೆದ ನಾಟಕ, ಅದಕ್ಕೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಅಪ್ಪಣ್ಣನ ಬೀಗ ಈಗ ಬಾಗಿಲಿನ ಮೇಲಿಲ್ಲ, ಮೊಬೈಲ್ ಒಳಗಿದೆ. ‘ಪಾಸ್‌ವರ್ಡ್ ಕೊಡು, ಲೊಕೇಶನ್ ಆನ್ ಇಟ್ಟಿರು, ಆ ಫೋಟೊ ತೆಗೆದುಹಾಕು, ಅವನ ಜತೆ ಯಾಕೆ ಮಾತಾಡಿದೆ’ ಎಂಬ ಮಾತುಗಳನ್ನು ನಮ್ಮಲ್ಲಿ ಎಷ್ಟೋ ಮಂದಿ ಕಾಳಜಿ ಎಂದುಕೊಂಡಿದ್ದೇವೆ. ಹುಡುಗರಷ್ಟೇ ಅಲ್ಲ, ಹುಡುಗಿಯರೂ ಹೀಗೆ ಬೀಗ ಹಾಕುತ್ತಾರೆ. ಬೀಗವನ್ನು ಪ್ರೀತಿ ಎಂದು ಕರೆಯುವ ಕಾದಂಬರಿಯನ್ನು ಓದಿ ಬೆಳೆದವರಿಗೆ ನಿಜಜೀವನದಲ್ಲಿ ಬೀಗ ಕಂಡಾಗ ಗುರುತು ಹತ್ತುವುದಿಲ್ಲ. ಕಥೆ ಓದುವುದು ಕಾಲಹರಣ ಎನ್ನುವವರಿಗೆ ನನ್ನ ಉತ್ತರ ಇದು: ಯಾವ ಕಥೆ ಓದುತ್ತೇವೆ ಎಂಬುದರ ಮೇಲೆ ನಾವು ಏನನ್ನು ಸಹಿಸಿಕೊಳ್ಳುತ್ತೇವೆ ಎಂಬುದೂ ನಿಂತಿದೆ.

ಹಾಗಾಗಿ ಅಳತೆಗೋಲು ಸರಳ. ಕೈಯಲ್ಲಿರುವ ಪ್ರೇಮ ಕಾದಂಬರಿಗೆ ಮೂರು ಪ್ರಶ್ನೆ ಹಾಕಿ. ಒಬ್ಬರು ‘ಬೇಡ’ ಎಂದಾಗ ಇನ್ನೊಬ್ಬರು ಕೇಳಿಸಿಕೊಳ್ಳುತ್ತಾರೆಯೇ? ನಾಯಕಿಯನ್ನು ಗುರುತಿಸುವುದು ಅವಳ ಅಳತೆಯಿಂದಲೋ ಅವಳ ಗುಣದಿಂದಲೋ? ಮದುವೆಯ ಮರುದಿನ ಏನಾಯಿತು ಎಂದು ಕಥೆ ನೋಡುತ್ತದೆಯೇ? ಹಂಚಿಯ ಕಥೆ, ಹೂವಾದ ಹುಡುಗಿಯ ಕಥೆ ಈ ಪ್ರಶ್ನೆಗಳನ್ನು ಎದುರಿಸುತ್ತವೆ. ನಾನೂರು ಪುಟದ ಪುಸ್ತಕಕ್ಕೆ ಅದು ಕಷ್ಟವಾಗಬಾರದು.

ಕೆಡಿಸಿದಂತಾಗುವುದಿಲ್ಲವೇ?

ಜನಪದ ಕಥೆಯನ್ನು ಬದಲಿಸಿ ಬರೆದರೆ ಮೂಲಕ್ಕೆ ಅಪಚಾರ ಎನ್ನುವವರಿದ್ದಾರೆ. ಆದರೆ ಮೂಲ ಯಾವುದು? ಇದೇ ಎಂದು ಬೆರಳಿಟ್ಟು ತೋರಿಸುವಂಥ ಒಂದು ಮೂಲ ಬಾಯಿಮಾತಿನ ಕಥೆಗಿಲ್ಲ. ಹೇಳುವವರು ಬದಲಾದಂತೆ ಅದೂ ಬದಲಾಗುತ್ತದೆ. ಅಚ್ಚಾದ ಪುಸ್ತಕವೂ ಬದಲಾಗದೆ ಉಳಿಯಲಿಲ್ಲ. ಗ್ರಿಮ್ ಸಹೋದರರು 1812ರಿಂದ 1857ರವರೆಗೆ ತಮ್ಮ ಕಥೆಗಳ ಏಳು ಆವೃತ್ತಿ ತಂದರು, ಪ್ರತಿ ಸಲವೂ ತಿದ್ದಿದರು. ಮೊದಲ ಆವೃತ್ತಿಯಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. ಮುಂದೆ ಅವಳನ್ನು ಮಲತಾಯಿ ಮಾಡಿದರು. ತಾಯಿ ಕೆಟ್ಟವಳಾಗಿರಬಾರದು ಎಂಬುದು ಅವರ ಕಾಲದ ಓದುಗರ ಅಪೇಕ್ಷೆ. ಅವರು ತಮ್ಮ ಕಾಲಕ್ಕೆ ಬದಲಿಸಿದರು, ನಾವು ನಮ್ಮ ಕಾಲಕ್ಕೆ ಬದಲಿಸಿದರೆ ತಪ್ಪೇನು?

ನಿಜವಾದ ಅಪಚಾರ ಕಥೆಯನ್ನು ಹೇಳದೇ ಬಿಡುವುದು. ಅದಕ್ಕೂ ಕನ್ನಡದಲ್ಲೊಂದು ಕಥೆಯಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಕಥೆ, ಹಾಡು ಅವಳು ಮಲಗಿದ್ದಾಗ ಹೊರಬಂದು, ಅಂಗಿ ಮತ್ತು ಚಪ್ಪಲಿಯ ರೂಪ ತಾಳಿ ಮನೆಯಲ್ಲಿ ಕೂತವು. ಗಂಡ ಬಂದು, ಯಾರ ಚಪ್ಪಲಿ ಇದು ಎಂದು ಜಗಳ ತೆಗೆದ. ಹೇಳದ ಕಥೆ ಸೇಡು ತೀರಿಸಿಕೊಳ್ಳುತ್ತದೆ ಎಂಬುದು ಅದರ ತಾತ್ಪರ್ಯ.

ಯಾರು ಬರೆಯಬೇಕು?

ನಮ್ಮ ಕಥೆಗಳು ನಾಟಕವಾದವು, ಸಿನಿಮಾ ಆದವು, ಒಪೆರಾ ಆದವು. ಕಾದಂಬರಿಯ ಉದ್ದದಲ್ಲಿ ಅವನ್ನು ಬರೆಯುವ ಕೆಲಸಕ್ಕೆ ನಮ್ಮ ಪೀಳಿಗೆ ಕೈ ಹಾಕಬೇಕು. ಕಾದಂಬರಿಗೆ ಬೇಕಾದ ಜಾಗ ಆ ಕಥೆಗಳಲ್ಲಿ ಖಾಲಿ ಬಿದ್ದಿದೆ. ಮುಖವಾಡ ಹಾಕಿಕೊಂಡು ಅಡುಗೆಮನೆಯಲ್ಲಿ ದುಡಿದ ಅಷ್ಟು ದಿನ ಹಂಚಿ ಏನು ಯೋಚಿಸುತ್ತಿದ್ದಳು? ತಂಗಿ ಅರಮನೆಗೆ ಹೋದ ಮೇಲೆ, ನೀರು ಸುರಿಯುತ್ತಿದ್ದ ಅಕ್ಕನ ಬದುಕು ಏನಾಯಿತು? ಮಗಳನ್ನು ಕಳಿಸಿ, ಅಂಥ ಮಗನೊಡನೆ ಅದೇ ಮನೆಯಲ್ಲಿ ಉಳಿದ ತಾಯಿ ಹೇಗೆ ಬಾಳಿದಳು? ಒಂದೊಂದು ಪ್ರಶ್ನೆಯೂ ನೂರು ಪುಟದ ಸಾಮಗ್ರಿ.

ಇದಕ್ಕೆ ಹಳ್ಳಿಗೇ ಹೋಗಬೇಕೆಂದಿಲ್ಲ. ಬ್ರಿಟಿಷ್ ಕಾಲದ ಇಂಜಿನಿಯರೊಬ್ಬರ ಹೆಸರು ಹೊತ್ತ ನಮ್ಮ ಮರ್ಫಿ ಟೌನ್ ಅನ್ನೇ ತೆಗೆದುಕೊಳ್ಳಿ. ದಂಡು ಮತ್ತು ಪೇಟೆ 1949ರಲ್ಲಿ ಒಂದೇ ನಗರಪಾಲಿಕೆಯಡಿ ಬಂದವು, ಆದರೆ ದಂಡಿನ ಈ ಗಲ್ಲಿಗಳ ಮಾತು ಇಂದಿಗೂ ಒಂದೇ ಭಾಷೆಯದಲ್ಲ. ಒಂದು ಮನೆಯಲ್ಲಿ ತಮಿಳು, ಪಕ್ಕದಲ್ಲಿ ಕನ್ನಡ, ಎದುರಿಗೆ ಉರ್ದು, ಮೂಲೆಯಲ್ಲಿ ತೆಲುಗು. ಇಲ್ಲಿಯ ಪಾಟಿಗೂ ನಾನಿಗೂ ಅವ್ವನಿಗೂ ಅಜ್ಜಿಗೂ ಒಂದೊಂದು ಕಥೆ ಗೊತ್ತಿರುತ್ತದೆ. ಹೆಸರು ಬೇರೆ, ಹುಡುಗಿಯ ಕಷ್ಟ ಒಂದೇ. ಮನೆಗೆಲಸಕ್ಕೆ ಹೋಗಿ ಬರುವವರು, ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು, ಐಟಿ ಕಂಪನಿಯ ಬಸ್ಸಿಗೆ ಕಾಯುವವರು ಎಲ್ಲರೂ ಇರುವ ಬೀದಿಯಲ್ಲಿ ಹಂಚಿ ಇಂದಿನ ಹುಡುಗಿಯಾಗಿ ನಡೆದಾಡುವುದನ್ನು ಊಹಿಸಲು ಕಷ್ಟವೇ ಇಲ್ಲ. ಅವಳ ಕೈರುಚಿ ಒಂದು ಚಿಕ್ಕ ಮೆಸ್ ಆಗಬಹುದು. ಗುರುಸ್ವಾಮಿಗೆ ಈ ಕಾಲದಲ್ಲಿ ಎಷ್ಟು ವೇಷಗಳಿವೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕಾಲೇಜುಗಳ ಕನ್ನಡ ಸಂಘಗಳಿಗೆ ಒಂದು ಸಲಹೆ. ವರ್ಷಕ್ಕೊಮ್ಮೆ ಒಂದು ಗಂಟೆಯ ಪ್ರಬಂಧ ಸ್ಪರ್ಧೆ ಇಡುವ ಬದಲು, ಒಂದು ಸೆಮಿಸ್ಟರ್ ಪೂರ್ತಿ ನಡೆಯುವ ಒಂದು ಕೆಲಸ ಇಟ್ಟುಕೊಳ್ಳಿ. ಪ್ರತಿ ವಿದ್ಯಾರ್ಥಿಯೂ ಮನೆಯ ಅಥವಾ ಬೀದಿಯ ಹಿರಿಯರೊಬ್ಬರಿಂದ ಒಂದು ಕಥೆಯನ್ನು, ಅವರ ಒಪ್ಪಿಗೆ ಪಡೆದು, ಅವರದೇ ಮಾತಿನಲ್ಲಿ ಮೊಬೈಲಿನಲ್ಲಿ ದಾಖಲಿಸಲಿ. ಮೊದಲು ಅದನ್ನು ಹೇಳಿದಂತೆಯೇ ಬರೆಯಲಿ. ಆಮೇಲೆ ವಾರಕ್ಕೊಂದು ಅಧ್ಯಾಯದಂತೆ ಅದನ್ನು ತನ್ನ ಊರಿಗೆ, ತನ್ನ ಕಾಲಕ್ಕೆ ತಂದು ಬೆಳೆಸಲಿ. ಹತ್ತು ಜನ ಶುರು ಮಾಡಿದರೆ ಇಬ್ಬರು ಮುಗಿಸಬಹುದು. ಮುಗಿಸದ ಎಂಟು ಜನರ ಬಳಿಯೂ ಒಂದೊಂದು ಕಥೆಯ ಧ್ವನಿ ಉಳಿದಿರುತ್ತದೆ. ರಾಮಾನುಜನ್ ತೀರಿಕೊಂಡದ್ದು 1993ರಲ್ಲಿ. ಅವರು ಹಲವು ದಶಕ ಸಂಗ್ರಹಿಸಿದ ಕನ್ನಡ ಕಥೆಗಳ ಇಂಗ್ಲಿಷ್ ಪುಸ್ತಕ ಹೊರಬಂದದ್ದು 1997ರಲ್ಲಿ. ಅವರಿಗೆ ಕಥೆ ಹೇಳಿದ ಪೀಳಿಗೆ ಈಗ ಬಹುಪಾಲು ಇಲ್ಲ. ಇಂದು ಎಂಬತ್ತು ದಾಟಿದವರು ಇನ್ನೂ ನಮ್ಮ ನಡುವೆ ಇದ್ದಾರೆ, ಹೆಚ್ಚು ಕಾಲ ಇರುವುದಿಲ್ಲ.

ಪರೀಕ್ಷೆಗೆ ಓದುವವರಿಗೆ ಇದರಿಂದೇನು ಲಾಭ ಎಂದು ಕೇಳಬಹುದು. ನೂರು ಪುಟ ಕನ್ನಡ ಬರೆದವರಿಗೆ ಕಡ್ಡಾಯ ಕನ್ನಡ ಪತ್ರಿಕೆಯ ಪ್ರಬಂಧ ಕಷ್ಟವಾಗುವುದಿಲ್ಲ, ಅದೊಂದು ಲಾಭ. ಆದರೆ ಅದಕ್ಕಾಗಿ ಮಾತ್ರ ಬರೆಯಿರಿ ಎಂದು ನಾನು ಹೇಳಲಾರೆ. ಕೆಲಸ ಸಿಗುವುದೂ ಮದುವೆಯಾಗುವುದೂ ಬದುಕಿನ ಕೊನೆಯ ಪುಟ ಎಂಬಂತೆ ನಮ್ಮನ್ನು ಬೆಳೆಸಿದ್ದಾರೆ. ಆಫರ್ ಲೆಟರ್ ಬಂದರೆ ಶುಭಂ, ತಾಳಿ ಬಿದ್ದರೆ ಶುಭಂ. ಹಂಚಿಯ ಅಜ್ಜಿ ಅದನ್ನು ಒಪ್ಪುತ್ತಿರಲಿಲ್ಲ. ‘ಆಮೇಲೆ?’ ಎಂದು ಮಕ್ಕಳು ಕೇಳುತ್ತಿದ್ದರು, ಅವಳು ಹೇಳುತ್ತಾ ಹೋಗುತ್ತಿದ್ದಳು. ಆ ‘ಆಮೇಲೆ’ಯನ್ನು ಈಗ ನಾವು ಬರೆಯಬೇಕಾಗಿದೆ.